ಖಂಡೇ ಪೂಜೆಗೆ ಕೂತ ಪೆನ್‌ಡ್ರೈವ್

ನನ್ನ ಅಕ್ಷರ ಕೋಳಿ ಕೆದರಿದಂತಿದೆ, ಕ್ಷಮಿಸಿ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳ ಮಾತೂ ಅಷ್ಟಕ್ಕಷ್ಟೇ. ಆದರೂ ಗೊರೇಬಾಳದ ನಮ್ಮ ಮನೆಯಲ್ಲಿ ಇವತ್ತು ನಡೆದದ್ದನ್ನು ಏನೂ ಬಿಡದೆ ಬರೆದಿದ್ದೇನೆ.

ಮಹಾನವಮಿ. ಅವ್ವ ಗ್ಯಾನಮ್ಮ ಕುಡಗೋಲು, ಕೊಡಲಿ ತೊಳೆದು ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಇಡುತ್ತಿದ್ದಳು. ಅದನ್ನು ಕಂಡದ್ದೇ ಅಣ್ಣ ನಿಂಗರಾಜನಿಗೆ ವೀರಾವೇಶ ಬಂತು!

"ಇವತ್ತು ಕಂಪ್ಯೂಟರಿನ ಹಳೇ ಡ್ರೈವರ್ ಎಲ್ಲಾ ಕಿತ್ತು ಹೊಸಾವು ಹಾಕ್ತೀನಿ. ಒಂದ ಸಲಕ್ಕ!"

ಅತ್ತಿಗೆ ರೂಪಾ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದಳು. ಅವಳ ಎಂಬ್ರಾಯಿಡರಿ ಮಷೀನಿಗೆ ಡಿಸೈನ್ ಹೋಗುವುದು ಆ ಕಂಪ್ಯೂಟರಿನಿಂದಲೇ, ಅದೂ ಮಷೀನಿನ ಗುರುತು ಹಿಡಿಸುವ ಡ್ರೈವರ್ ಎಂಬ ಸಾಫ್ಟ್‌ವೇರ್ ಒಳಗಿದ್ದರೆ ಮಾತ್ರ. ಮಸ್ಕಿಯ ಮಹಾಲಕ್ಷ್ಮಿ ಟೀಚರ್ ಅವಳ ಮೊಟ್ಟಮೊದಲ ಗಿರಾಕಿ. ನಾಳೆ ವಿಜಯದಶಮಿಯ ಬನ್ನಿ ಹಬ್ಬಕ್ಕೆ ಅವರು ತೊಡುವ ಬ್ಲೌಸಿನ ಬಲತೋಳಿನ ಕಸೂತಿ ಮುಗಿದಿತ್ತು, ಎಡತೋಳು ಬಾಕಿ.

"ರೀ, ಇನ್ನೊಂದು ತೋಳು ಆಗ್ಲಿ. ಆಮ್ಯಾಲ ಏನರ ಮಾಡ್ಕೋರಿ."

"ನಿನಗೇನ್ ತಿಳಿತೈತಿ? ಹೊಸಾ ಡ್ರೈವರ್ ಬಂದ್ರ ನಿನ್ನ ಮಷೀನ್ ಓಡಂಗಿಲ್ಲ, ಹಾರತೈತಿ!"

ನಾನು ಮೆಲ್ಲಗೆ ಅಂದೆ: "ಅಣ್ಣಾ, ಒಂದೊಂದ ಹಾಕಿ ನೋಡು. ಮಷೀನಿಂದು ಮಾತ್ರ ಮುಟ್ಟಬ್ಯಾಡ. ಅದು ಈಗ ನೆಟ್ಟಿನಾಗ ಸಿಗಂಗಿಲ್ಲ, ಕಾಪಿ ಈ ಪೆನ್‌ಡ್ರೈವಿನಾಗ ಅಷ್ಟ ಐತಿ."

"ಶಾಣ್ಯಾಕಿ! ಅಂಥಾ ಆಯುಧ ಪೂಜಿಗಿ ಬ್ಯಾಡೇನು?" ಎಂದು ಅಣ್ಣ ಅದನ್ನು ಕಸಿದು ಕೊಡಲಿಯ ಪಕ್ಕ ಇಟ್ಟ. ಅವ್ವ ಅದಕ್ಕೂ ಕುಂಕುಮ ಹಚ್ಚಿ ಕಾಯಿ ಒಡೆದಳು.

ಆಮೇಲೆ ಅಣ್ಣ ಎಲ್ಲಿಂದಲೋ ಒಂದು ಪುಕ್ಕಟೆ ಸಾಫ್ಟ್‌ವೇರ್ ಇಳಿಸಿದ. 'ಇಪ್ಪತ್ಮೂರು ಡ್ರೈವರ್ ಹಳೆಯವು!' ಎಂದು ಅದು ಬೊಬ್ಬೆ ಹೊಡೆಯಿತು. ಇಪ್ಪತ್ಮೂರನ್ನೂ ಒಮ್ಮೆಲೇ ಒತ್ತಿದ. ಕಂಪ್ಯೂಟರ್ ಮಲಗಿತು, ಎದ್ದಿತು. ಎದ್ದದ್ದೇನೋ ಎದ್ದಿತು, ಮಷೀನಿನ ಗುರುತೇ ಮರೆತಿತ್ತು!

"ಯವ್ವಾ, ಆ ಪೆನ್‌ಡ್ರೈವ್ ಕೊಡಬೇ!"

"ಕೈ ಹಚ್ಚಿದ್ರ ನೋಡು! ಪೂಜಿಗಿ ಇಟ್ಟದ್ದು ನಾಳಿ ಬನ್ನಿ ಮುಡಿಯೋ ತನಕ ಮುಟ್ಟಂಗಿಲ್ಲ."

"ಅದೇನ್ ಕುಡಗೋಲೇನಬೇ?"

"ಆಯುಧ ಅಂದಾಂವ ನೀನ ಅಲ್ಲೇನು?"

ಸಂಜೆ ಟೀಚರ್ ಬಂದರು. ಅಷ್ಟರಲ್ಲಿ ಅತ್ತಿಗೆ ಎಡತೋಳು ಬೋಳಾಗಿಯೇ ಬ್ಲೌಸ್ ಹೊಲಿದು ಮುಗಿಸಿದ್ದಳು, ಅದನ್ನೇ ಮುಂದಿಟ್ಟಳು. "ತಪ್ಪು ತಿಳ್ಕೋಬ್ಯಾಡ್ರಿ ಟೀಚರ್. ನಾಳಿ ಒಂದಿನ ಈ ತೋಳಿನ ಮ್ಯಾಲ ಸೆರಗು ಇಳಿಬಿಡ್ರಿ. ಹಬ್ಬ ಮುಗದ ಮ್ಯಾಲ ತಂದುಕೊಡ್ರಿ, ತೋಳು ಬಿಚ್ಚಿ ಇದನ್ನೂ ಮಾಡಿಕೊಡ್ತೀನಿ."

ಟೀಚರ್ ಬಲತೋಳನ್ನು ಹೊರಳಿಸಿ ಹೊರಳಿಸಿ ನೋಡಿದರು. "ಇಷ್ಟು ಚಂದ ಮಾಡೀರಿ, ಒಂದಿನ ಮುಚ್ಚಿಕೊಂತೀನಿ ಬಿಡ್ರಿ," ಎಂದು ನಕ್ಕು ಹೋದರು.

ಅಣ್ಣನಿಗೆ ಜೀವ ಬಂತು. "ನೋಡಿದ್ಯಾ? ಗಿರಾಕಿ ಉಳೀತು!"

ಅತ್ತಿಗೆ ಎದ್ದು ಪೂಜೆಯ ಜಾಗಕ್ಕೆ ಹೋದಳು. ಕುಂಕುಮದ ಬಟ್ಟಲು ತಂದು ಅವನ ಎರಡೂ ಅಂಗೈಗೆ ಹಚ್ಚಿದಳು.

"ಇದ್ಯಾಕ?"

"ಪೂಜಿಗಿ ಇಟ್ಟೀನ್ರಿ. ಇನ್ನ ಈ ಕೈ ಏನೂ ಮುಟ್ಟಂಗಿಲ್ಲ!"

ನಾಳೆ ಬನ್ನಿ ಮುಡಿದ ಮೇಲೆ ನಾನು ಪೆನ್‌ಡ್ರೈವಿನ ಕುಂಕುಮ ಒರೆಸಿ, ಆ ಹಳೇ ಡ್ರೈವರ್ ಒಂದನ್ನೇ ಹಾಕುತ್ತೇನೆ.