ಮೂರು ನಿಮಿಷದ ಷೇರುದಾರ

ಡಬ್ಬದಲ್ಲಿದ್ದ ಕೋಡುಬಳೆ ಅರ್ಧ ಮಾತ್ರ ಇತ್ತು. ಉಳಿದರ್ಧ ಡಬ್ಬದಲ್ಲಿ ಎಲ್ಲೂ ಇರಲಿಲ್ಲ.

ನಮ್ಮ ಸೋದರಮಾವನಿಗೆ ಅಷ್ಟು ಸಾಕ್ಷ್ಯ ಸಾಕಾಯಿತು. ಡಬ್ಬ ಕೊಟ್ಟ ಕಂಪನಿಯ ಆಡಳಿತ ಕೆಟ್ಟಿದೆ ಎಂದು ನನ್ನೆದುರು ತೀರ್ಪು ಕೊಟ್ಟುಬಿಟ್ಟರು. ಲೆಕ್ಕಪರಿಶೋಧಕರು ಸಹಿ ಹಾಕಿದ ದಪ್ಪ ವರದಿ ಅವರ ತೊಡೆಯ ಮೇಲೆ ಬಿಚ್ಚದೆ ಬಿದ್ದಿತ್ತು. "ಮುರಿದಿದ್ರೆ ಪರವಾಗಿಲ್ಲ ಕಣೇ, ಸಾಗಿಸೋವಾಗ ಮುರಿಯುತ್ತೆ. ಆದ್ರೆ ಇನ್ನರ್ಧ ಡಬ್ಬದೊಳಗೇ ಇರ್ಬೇಕಲ್ವಾ? ಎಲ್ಲಿ ಹೋಯ್ತು? ಮೇಲಿನವರು ನೋಡ್ಕೋತಿಲ್ಲ ಅಂತ ತಾನೇ ಅರ್ಥ?"

ಕಂಪನಿಗಳು ವರ್ಷಕ್ಕೊಮ್ಮೆ ಷೇರುದಾರರ ಸಭೆ ಕರೆದು, ಬಂದವರ ಕೈಗೆ ಒಂದು ತಿಂಡಿ ಡಬ್ಬ ಕೊಡುತ್ತಿದ್ದ ಕಾಲದ ಮಾತಿದು. ಪಂಡಿತರು ಕಂಪನಿಯನ್ನು ಲಾಭದಿಂದ, ಸಾಲದಿಂದ ಅಳೆಯುತ್ತಾರೆ. ಮಾವ ಅಳೆಯುವುದು ತಿಂಡಿಯಿಂದ. ಮೊದಲ ವರ್ಷ ಮೈಸೂರು ಪಾಕು, ಉದ್ದಿನ ವಡೆ, ಕೋಡುಬಳೆ, ಬಿಸಿ ಕಾಫಿ. ಮರುವರ್ಷ ಮೈಸೂರು ಪಾಕಿನ ಜಾಗದಲ್ಲಿ ಬಿಸ್ಕತ್ತು. ಅದರ ಮರುವರ್ಷ ಈ ಅರ್ಧ ಕೋಡುಬಳೆ. ಷೇರಿನ ಬೆಲೆಯೂ ಅದೇ ಕ್ರಮದಲ್ಲಿ ಇಳಿಯಿತು ಎಂಬುದನ್ನು ಸಂಖ್ಯಾಶಾಸ್ತ್ರ ಓದಿದ ನಾನು ಒಪ್ಪಲೇಬೇಕು. ಮೂರು ಬಿಂದುಗಳಿಂದ ಏನನ್ನೂ ತೀರ್ಮಾನಿಸಬಾರದು ಎಂದು ನಮ್ಮ ಪ್ರೊಫೆಸರು ಹೇಳುತ್ತಿದ್ದರು. ಅವರು ನಮ್ಮ ಮಾವನನ್ನು ನೋಡಿರಲಿಲ್ಲ!

ಮಾವ ವಿಜಯನಗರದ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಅವರು ಮೈದಾನದಲ್ಲಿ ನಿಂತು "ಸಾವಧಾನ್!" ಎಂದರೆ ನಾಯಂಡಹಳ್ಳಿಯ ಗೋದಾಮುಗಳಲ್ಲಿ ಮೂಟೆ ಹೊರುವವರು ನೆಟ್ಟಗೆ ನಿಲ್ಲುತ್ತಿದ್ದರಂತೆ. ನಿವೃತ್ತರಾದದ್ದು ಅವರು ಮಾತ್ರ, ಅವರ ಗಂಟಲಲ್ಲ. ಅತ್ತೆಗೆ ನಲವತ್ತು ದಾಟುವ ಹೊತ್ತಿಗೇ ಕಿವಿ ಮಂದವಾಗತೊಡಗಿತ್ತು. ಅದರ ಬಗ್ಗೆ ಕೇಳಿದವರಿಗೆಲ್ಲ ಅತ್ತೆ ಹೇಳುವುದು ಒಂದೇ: "ಡಾಕ್ಟ್ರು ವಂಶದಿಂದ ಬಂದಿದ್ದು ಅಂದ್ರು. ನಾನು ಮದುವೆಯಿಂದ ಬಂದಿದ್ದು ಅಂದೆ."

ಅತ್ತೆಗೆ ಕೇಳಿಸದು ಎಂದು ಮಾವ ಇನ್ನಷ್ಟು ಕೂಗತೊಡಗಿದರು. "ಹುಳಿಗೆ ಉಪ್ಪು ಸಾಲದು" ಎಂಬ ಸಂಗತಿ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸು ಒಂದು ದಿನ ತಡೆಯಲಾರದೆ ಬಂದೇಬಿಟ್ಟರು. "ಸಾರ್, ಉಪ್ಪು ಚಿಕ್ಕ ವಿಷ್ಯ. ಆಂಟಿಗೆ ವಯಸ್ಸಾಗಿದೆ. ಬಿಟ್ಬಿಡಿ."

"ನಾವು ಜಗಳ ಆಡ್ತಾ ಇಲ್ಲಮ್ಮಾ!" ಎಂದು ಮಾವ ಗರ್ಜಿಸಿದರು. ಆಕೆಗೆ ಇದ್ದ ಅಲ್ಪಸ್ವಲ್ಪ ಅನುಮಾನವೂ ಪರಿಹಾರವಾಯಿತು.

ಹೀಗಿರುವಾಗ ಬೆಂಗಳೂರಿನದೇ ಒಂದು ಸಣ್ಣ ಕಂಪನಿಯ ಕಿವಿ ಮೆಷಿನ್ನು ಮನೆಗೆ ಬಂತು. ಕಿವಿಗೊಂದರಂತೆ ಎರಡು, ಕಡಲೆಬೀಜದಷ್ಟೇ ದೊಡ್ಡವು. ಬೇರೆ ಮೆಷಿನ್ನುಗಳು ಬಸ್ಸು, ಕುಕ್ಕರು, ಗಂಡ ಎಲ್ಲವನ್ನೂ ಒಟ್ಟಿಗೆ ಜೋರು ಮಾಡುತ್ತಿದ್ದವು. ಇವು ಎರಡೂ ಸೇರಿ ಲೆಕ್ಕ ಹಾಕಿ, ಗದ್ದಲವನ್ನು ಅತ್ತ ಸರಿಸಿ, ಮನುಷ್ಯರ ಮಾತನ್ನು ಇತ್ತ ಕೊಡುತ್ತಿದ್ದವು. ಮೊದಲ ದಿನವೇ ಅತ್ತೆ ಊಟದ ನಡುವೆ ತಲೆಯೆತ್ತಿ ಕೇಳಿದರು: "ರೀ, ನೀವು ಮಜ್ಜಿಗೆ ಕುಡಿಯೋವಾಗ ಇಷ್ಟು ಸದ್ದು ಮಾಡ್ತೀರಾ?"

ಮಾವನಿಗೆ ಅವಮಾನವಾಗಬೇಕಿತ್ತಲ್ಲವೇ? ಅವರು ಅದೇ ವಾರ ಆ ಕಂಪನಿಯ ಷೇರು ಕೊಂಡರು! ತಿಂಡಿ ಡಬ್ಬದ ಕಥೆ ಶುರುವಾದದ್ದು ಅಲ್ಲಿಂದ. "ಇಂಥಾ ಆಟಗಾರ ಸಿಕ್ಕಿದ್ರೆ ಟೀಮೇ ಕೊಂಡ್ಕೋಬೇಕು ಕಣೇ!" ಬೀದಿ ಶಾಂತವಾಯಿತು. ಎದುರುಮನೆಯಾಕೆ, ಪಾಪ, ಗಂಡ ಹೆಂಡತಿ ರಾಜಿಯಾದರೆಂದು ಸಂತೋಷಪಟ್ಟರು.

ಆಟಗಾರ ಒಳ್ಳೆಯವನೇ. ಕೋಚ್ ಸರಿಯಿರಲಿಲ್ಲ. ಕಂಪನಿ ತನ್ನ ಲಾಂಛನವನ್ನು ಮೇಲಿಂದ ಮೇಲೆ ಬದಲಾಯಿಸಿತು. ಕಿವಿಯೊಳಗೆ ಕೂರುವ ಚೂರು ರಬ್ಬರು ಮಾತ್ರ ಎಲ್ಲೂ ಸಿಗದು. ಮೆಷಿನ್ನಿನ ಪೆಟ್ಟಿಗೆ ಎಷ್ಟು ಚಂದವೆಂದರೆ ಅತ್ತೆ ಅದರಲ್ಲಿ ಬಳೆ ಇಡುತ್ತಾರೆ. ರಿಪೇರಿ ಕೇಂದ್ರ ರಾಜಾಜಿನಗರದಲ್ಲಿತ್ತು. ಮಹಾಲಕ್ಷ್ಮಿ ಲೇಔಟಿಗೆ ಹೋಯಿತು. ಅಲ್ಲಿಗೆ ಹೋದರೆ, ಇನ್ನು ಮುಂದೆ ಎಲ್ಲವೂ ಆ್ಯಪ್‌ನಲ್ಲಿ ಎಂಬ ಚೀಟಿ ಅಂಟಿಸಿತ್ತು. "ಆ್ಯಪ್‌ಗೆ ಎಷ್ಟನೇ ನಂಬರ್ ಬಸ್ಸು?" ಎಂದು ಮಾವ ಪಕ್ಕದ ಅಂಗಡಿಯವನನ್ನು ಕೇಳಿದರು.

ಈ ವರ್ಷ ಯುಗಾದಿಯ ಹೊತ್ತಿಗೆ ಅತ್ತೆಯ ಎಡಗಿವಿಯ ಮೆಷಿನ್ನು ಮೂಕವಾಯಿತು. ಕೊರಿಯರಿನಲ್ಲಿ ರಿಪೇರಿಗೆ ಹೋದದ್ದು ತಿರುಗಿ ಬರಲಿಲ್ಲ. ಒಂಟಿಯಾದ ಬಲಗಡೆಯದು ಲೆಕ್ಕ ಹಾಕುವುದನ್ನೇ ಮರೆತು ಎಲ್ಲ ಸದ್ದನ್ನೂ ಕಲಸಿ ಕೊಡತೊಡಗಿತು. ಮಾವ ಕಂಪನಿಗೆ ಫೋನ್ ಮಾಡಿದರು. ನಿಮ್ಮ ಕರೆ ನಮಗೆ ಮುಖ್ಯ ಎಂದು ಹೇಳಿ, ವೀಣೆ ಹಾಕಿದರು. ಬಹಳ ಹೊತ್ತು ವೀಣೆ. ಅತ್ತೆ ಫೋನನ್ನು ಬಲಗಿವಿಗೆ ಹಿಡಿದು, "ಒಂದೊಂದು ತಂತೀನೂ ಕೇಳ್ಸುತ್ತೆ ಕಣ್ರೀ!" ಎಂದರು.

"ನೋಡಿದ್ಯಾ, ಟೆಕ್ನಾಲಜಿ!" ಎಂದು ಮಾವ ನನ್ನತ್ತ ತಿರುಗಿದರು. ಲೈನು ಕಟ್ಟಾಯಿತು. "ನೋಡಿದ್ಯಾ, ಮ್ಯಾನೇಜ್‌ಮೆಂಟು!"

ಬೆಳಗಿನ ವಾಕಿಂಗ್ ಮುಗಿಸಿ ಹೋಟೆಲಿನ ನಿಂತು ತಿನ್ನುವ ಮೇಜಿನ ಸುತ್ತ ಮಾವನೂ ಅವರ ಇಬ್ಬರು ಗೆಳೆಯರೂ ಸೇರುತ್ತಾರೆ. ಇಬ್ಬರೂ ಮಾವನ ಮಾತು ಕೇಳಿ ಅದೇ ಷೇರು ಕೊಂಡ ಪುಣ್ಯಾತ್ಮರು. ಒಂದು ಭಾನುವಾರ ನಾನೂ ಇದ್ದೆ.

"ಟೆಕ್ನಾಲಜಿ ಚಿನ್ನ ಮೇಷ್ಟ್ರೇ," ಎಂದರು ಹಾರ್ಡ್‌ವೇರ್ ಅಂಗಡಿಯ ಶಿವಣ್ಣ. "ಆದ್ರೆ ಇವ್ರು ಚಿನ್ನಾನ ಹಳೇ ಪೇಪರಲ್ಲಿ ಕಟ್ಟಿ ಮಾರ್ತಾವ್ರೆ."

"ಕುದುರಿ ಛಲೋ ಐತ್ರಿ," ಎಂದರು ಧಾರವಾಡ ಕಡೆಯ ಪಾಟೀಲರು. "ಹತ್ತಿದಾಂವ ಬಾಲದ ಕಡೆ ಮಾರಿ ಮಾಡಿ ಕುಂತಾನ. ಮಾರಿಬಿಡ್ರಿ ಮಾಸ್ತರ, ಇದ್ದಷ್ಟರ ಉಳೀತೈತಿ."

"ಕೋಚ್ ಸರಿ ಇಲ್ಲ ಅಂತ ಆಟ ಬಿಡ್ತಾರೇನ್ರೀ? ಕೋಚ್‌ನ ಬದಲಾಯಿಸ್ಬೇಕು!"

"ಯಾರು, ನೀವಾ? ನಾವು ಮೂರೂ ಮಂದಿ ಷೇರು ಕೂಡಿಸಿದ್ರ ಆ ಕಂಪನಿ ಗೇಟಿನ ಚಿಲಕಾನೂ ನಮ್ಮದಾಗಂಗಿಲ್ಲ!"

ಶಿವಣ್ಣ ನಕ್ಕ ರಭಸಕ್ಕೆ ಕಾಫಿ ಚೆಲ್ಲಿತು. ಮಾವ ಮಾತ್ರ ನಗಲಿಲ್ಲ. "ಸಭೇಲಿ ಕೇಳ್ತೀನಿ," ಎಂದರು.

ಆ ಸಭೆಗಾಗಿ ನನ್ನನ್ನು ಲ್ಯಾಪ್‌ಟಾಪ್ ಸಮೇತ ಕರೆಸಲಾಯಿತು. ಈಗ ಸಭೆ ಆನ್‌ಲೈನ್, ತಿಂಡಿ ಇಲ್ಲ. ಮೊದಲೇ ಹೆಸರು ಕೊಟ್ಟ ಷೇರುದಾರರಿಗೆ ತಲಾ ಮೂರು ನಿಮಿಷ ಮಾತಾಡಲು ಬಿಡುತ್ತಾರೆ. ಮಾವ ಹೆಸರು ಕೊಟ್ಟಿದ್ದರು. ಅಮ್ಮ ನನಗೆ ಬೇರೆಯೇ ಕೆಲಸ ಹೇಳಿ ಕಳಿಸಿದ್ದಳು: "ಅಣ್ಣನಿಗೆ ಮಾರಕ್ಕೆ ಹೇಳೇ. ನೀನು ಲೆಕ್ಕ ಓದಿದವಳು, ನಿನ್ನ ಮಾತು ಕೇಳ್ತಾನೆ." ನಾನು ಬೆಲೆ ಇಳಿದ ರೇಖೆಯನ್ನು ಅಚ್ಚುಕಟ್ಟಾಗಿ ಬಿಡಿಸಿ ಬ್ಯಾಗಿನಲ್ಲಿಟ್ಟುಕೊಂಡಿದ್ದೆ.

ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಕ್ಯಾನ್ವಾಸ್ ಷೂ ಹಾಕಿ ಸಿದ್ಧರಾಗಿದ್ದರು.

"ಮಾವ, ಕಾಲು ಕ್ಯಾಮೆರಾಗೆ ಕಾಣಲ್ಲ."

"ನನಗೆ ಕಾಣುತ್ತಲ್ಲ?"

ಪಾಟೀಲರು, ಶಿವಣ್ಣ ಸೋಫಾದ ಮೇಲೆ ಕುಳಿತರು. ಅಧ್ಯಕ್ಷರ ವಿದೇಶ ಪ್ರವಾಸದ ಖರ್ಚೆಷ್ಟು, ಇದು ಪಾಟೀಲರ ಪ್ರಶ್ನೆ. ಲಾಂಛನ ಬದಲಾಯಿಸಲು ದುಡ್ಡಿದೆ, ರಬ್ಬರಿಗೆ ಯಾಕಿಲ್ಲ, ಇದು ಶಿವಣ್ಣನದು. ಎರಡನ್ನೂ ಮಾವನಿಗೆ ಬಾಯಿಪಾಠ ಮಾಡಿಸಿದ್ದರು. ಮೊದಲು ಮಾತಾಡಿದ ಷೇರುದಾರರೊಬ್ಬರು ಅಧ್ಯಕ್ಷರ ದೂರದೃಷ್ಟಿಯನ್ನು ಹೊಗಳಿ ಮೂರು ನಿಮಿಷವನ್ನೂ ಮುಗಿಸಿದರು. ಇನ್ನೊಬ್ಬರು ತಿಂಡಿ ಡಬ್ಬ ಮತ್ತೆ ಶುರುವಾಗಬೇಕೆಂದರು. "ಭೇಷ್!" ಎಂದರು ಮಾವ.

ಆಮೇಲೆ ಮಾವನ ಹೆಸರು ಕರೆದರು. ಅಧ್ಯಕ್ಷರ ಕಿವಿಯ ಕ್ಷೇಮಕ್ಕಾಗಿ ನಾನು ಮೈಕನ್ನು ಸ್ವಲ್ಪ ದೂರ ಸರಿಸಿದೆ. ಮಾವ ಎದ್ದು ನಿಂತರು, ಮತ್ತೆ ಕುಳಿತರು. ಬಂದ ದನಿ ನಾನು ಎಂದೂ ಕೇಳಿರದಷ್ಟು ಮೆತ್ತಗಿತ್ತು.

"ಅಧ್ಯಕ್ಷರಿಗೆ ನಮಸ್ಕಾರ. ನಿಮ್ಮ ಮೆಷಿನ್ ಬಹಳ ಚೆನ್ನಾಗಿದೆ ಸಾರ್. ನನ್ನ ಹೆಂಡತಿ ಎಡಗಿವೀದು ರಿಪೇರಿಗೆ ಕಳಿಸಿದ್ವಿ. ಯುಗಾದಿ ಆಯ್ತು, ಗಣೇಶನ ಹಬ್ಬಾನೂ ಆಯ್ತು. ನಿಮಗೆ ಸಾವಿರ ಕೆಲಸ ಇರುತ್ತೆ. ಅದೊಂದು ಮಾಡಿಸಿಕೊಡಿ. ನಂದು ಇಷ್ಟೇ."

ತಮ್ಮ ಅಮೂಲ್ಯ ಸಲಹೆಗೆ ಧನ್ಯವಾದ ಎಂದು ಇಂಗ್ಲಿಷಿನಲ್ಲಿ ಹೇಳಿ ಅಧ್ಯಕ್ಷರು ಮುಂದಿನವರನ್ನು ಕರೆದರು.

"ಏನ್ರೀ ಮಾಸ್ತರ!" ಪಾಟೀಲರು ಸೋಫಾದಿಂದ ಜಿಗಿದರು. "ಹುಲಿ ಅಂತ ಮುಂದ ಬಿಟ್ರ ಮ್ಯಾಂವ್ ಅಂದ್ರಲ್ಲ! ಪ್ರವಾಸದ ಖರ್ಚು ಎಲ್ಲಿ ಹೋತು?"

"ಬಿಡಿ ಪಾಟೀಲ್ರೇ," ಎಂದರು ಶಿವಣ್ಣ, ಅಡುಗೆಮನೆಯ ಕಡೆ ಒಮ್ಮೆ ನೋಡಿ. ಅತ್ತೆ ಕೊಟ್ಟ ಕಾಫಿ ಕುಡಿದು ಇಬ್ಬರೂ ಹೊರಟರು.

ನಾನು ಬ್ಯಾಗಿನಿಂದ ನನ್ನ ರೇಖೆಯನ್ನು ತೆಗೆದು ಮಾವನ ಮುಂದಿಟ್ಟೆ. ಅವರು ಅದನ್ನು ಮರ್ಯಾದೆಯಿಂದ ನೋಡಿದರು.

"ನೀಟಾಗಿ ಬರ್ದಿದೀಯ. ನೀನು ಹೇಳೋದು ಸರಿ, ಅವರು ಹೇಳೋದೂ ಸರಿ. ಆದ್ರೆ ಮಾರಿದ್ರೆ ನಾನು ಬರೀ ಗಿರಾಕಿ ಕಣೇ. ಗಿರಾಕಿಗೆ ವೀಣೆ ಹಾಕ್ತಾರೆ. ಷೇರುದಾರನಿಗೆ ಮೂರು ನಿಮಿಷ ಕೊಡ್ತಾರೆ. ಮುಂಚೆ ರಬ್ಬರ್ ಸಿಗದೇ ಇದ್ದಾಗ ಸಭೇಲಿ ಎದ್ದು ಕೇಳ್ದೆ. ಮುಂದಿನ ವಾರ ಮನೆಗೇ ಬಂತು."

"ಪ್ರತಿ ವರ್ಷ ನೀವು ಕೇಳ್ತಿದ್ದಿದ್ದು ಇದನ್ನೇನಾ?"

"ಮತ್ತಿನ್ನೇನು ಕೇಳ್ಲಿ?" ಮಾವ ಷೂವಿನ ದಾರ ಬಿಚ್ಚತೊಡಗಿದರು. "ಮೊದಲು ಡ್ರಿಲ್ ಅಭ್ಯಾಸಕ್ಕೆ, ಆಮೇಲೆ ಅವಳ ಕಿವಿಗೆ ಅಂತ, ಮದುವೆಯಾದಾಗಿಂದ ಅವಳ ಹತ್ರ ಕೂಗ್ಕೊಂಡೇ ಮಾತಾಡಿದೀನಿ. ಉಪ್ಪು ಕಮ್ಮಿ ಅಂತ ಕೂಗಬಹುದು. ಕಾಫಿ ಚೆನ್ನಾಗಿದೆ ಅಂತ ಕೂಗಕ್ಕಾಗುತ್ತೇನೆ? ಬೈದಹಾಗಿರುತ್ತೆ. ಆ ಎರಡು ಮೆಷಿನ್ ಇದ್ದಾಗ ಮೆತ್ತಗೆ ಹೇಳ್ತಿದ್ದೆ. ಅವಳು ಇನ್ನೊಂದು ಅರ್ಧ ಲೋಟ ತಂದು ಇಡ್ತಿದ್ಲು, ಅಷ್ಟೇ."

ನಾನು ರೇಖೆಯನ್ನು ಮಡಿಸಿ ಬ್ಯಾಗಿಗೆ ಹಾಕಿದೆ. ಮಾವ ಬರಿಗಾಲಲ್ಲಿ ಎದ್ದು, ಖಾಲಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೆ ಹೋದರು. ಅತ್ತೆಯ ಬಲಪಕ್ಕಕ್ಕೆ ಸರಿದು ನಿಂತರು. ಬೀದಿಯಲ್ಲಿ ಬಸ್ಸೊಂದು ಹಾರನ್ ಹೊಡೆಯುತ್ತಿತ್ತು. ಅದು ಹೋಗಲಿ ಎಂದು ಕಾದರು. ಹಿಂದೆಯೇ ಇನ್ನೊಂದು ಬಂತು.

"ಕಾಫಿ ಚೆನ್ನಾಗಿತ್ತು!"

ಎದುರುಮನೆಯ ಕಿಟಕಿ ದಢಾರನೆ ಮುಚ್ಚಿಕೊಂಡಿತು.

ಮರುದಿನ ಬೆಳಗ್ಗೆ ವಿಜಯನಗರದಲ್ಲಿ ಮೆಟ್ರೋ ಹತ್ತಿದವಳು ಬಾಗಿಲ ಪಕ್ಕ ನಿಂತು, ಷೇರುಪೇಟೆ ತೆರೆಯುವುದನ್ನೇ ಕಾದು, ಫೋನಿನಲ್ಲಿ ಆ ಕಂಪನಿಯ ಒಂದು ಷೇರು ನನ್ನ ಹೆಸರಿಗೆ ಕೊಂಡೆ. ಅಮ್ಮನಿಗೆ ಹೇಳಲಿಲ್ಲ. ಒಂದೇ ಒಂದು. ಮೂರು ನಿಮಿಷಕ್ಕೆ ಅಷ್ಟು ಸಾಕು.