ಸೀಳಿದ ಫರಸಿ ಮತ್ತು ಕೆಂಪು ಚಡ್ಡಿಯ ಅಳಿಲು

ಗಾಬರಿಯಾದಾಗ ಮನುಷ್ಯನ ಕೈ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ ಅವನ ಯೋಗ್ಯತೆ ಗೊತ್ತಾಗುತ್ತದೆ. ಕೆಲವರ ಕೈ ಎದೆಗೆ ಹೋಗುತ್ತದೆ, ಕೆಲವರು ದೇವರಿಗೆ ಮುಗಿಯುತ್ತಾರೆ, ಧೈರ್ಯವಂತರು ಬೀಳುವವರನ್ನು ಹಿಡಿಯಲು ಮುಂದೆ ಚಾಚುತ್ತಾರೆ. ನನ್ನ ಹೆಬ್ಬೆರಳು ಕೀಬೋರ್ಡಿನ ಸ್ಪೇಸ್‌ಬಾರ್ ಒತ್ತಿತು. ಮೊನ್ನೆ ಭಾನುವಾರದ ಮಾತು.

ನಾನು ಶಹಾಬಾದಿನವನು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಈ ಗಾಂಭೀರ್ಯಕ್ಕೆ ಒಪ್ಪದ ಒಂದು ಚಟ ನನಗುಂಟು. ಚಿಕ್ಕಂದಿನಲ್ಲಿ ಟಿವಿಯಲ್ಲಿ ಕೆಂಪು ಚಡ್ಡಿ ತೊಟ್ಟ ಅಳಿಲಿನ ಕಾರ್ಟೂನ್ ಬರುತ್ತಿತ್ತು. ಅದರ ಹಳೆಯ ಆಟ ಈಗ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಅಳಿಲು ಕಲ್ಲಿನಿಂದ ಕಲ್ಲಿಗೆ ಹಾರುತ್ತ ಹೋಗಬೇಕು, ಸ್ಪೇಸ್‌ಬಾರ್ ಒತ್ತಿದರೆ ಹಾರುತ್ತದೆ, ಅಷ್ಟೇ. ಆದರೆ ಒಂದು ಕಡೆ ಕಾಲಿಟ್ಟೊಡನೆ ಬಿರುಕು ಬಿಡುವ ಕಲ್ಲಿದೆ. ಅಲ್ಲಿ ನಾನು ದೂರ, ವೇಗ, ಕೋನ ಎಂದು ಯೋಚಿಸುವಷ್ಟರಲ್ಲಿ ಅಳಿಲು ಚಡ್ಡಿ ಸಮೇತ ಪಾತಾಳ ಸೇರಿರುತ್ತದೆ.

"ಮತ್ತ ಕೊಂದ್ರಿ ಏನ್ರಿ ಅದಕ್ಕ?" ಎನ್ನುತ್ತಾಳೆ ಹೆಂಡತಿ ಕಲಾವತಿ, ಬೆನ್ನ ಹಿಂದೆ ಹಾದುಹೋಗುವಾಗ. "ಕಲ್ಲು ಸೀಳಾಕತ್ತದಂದ್ರ ನಿಂದರಬಾರದ್ರಿ, ಹಾರಬೇಕು."

"ನಿನಗೇನ್ ತಿಳೀತದ? ಇದು ಭಾಳ ನಾಜೂಕಿನ ಕೆಲಸ."

ಇನ್ನು ನಮ್ಮೂರಿನ ಚಟವೊಂದಿದೆ. ಶಹಾಬಾದಿನವರು ಎಲ್ಲಿ ತೆರಪು ಕಂಡರೂ ಅದರ ಮೇಲೊಂದು ಫರಸಿ ಎಳೆದುಬಿಡುತ್ತಾರೆ. ಫರಸಿ ಎಂದರೆ ಚಪ್ಪಟೆ ಹಾಸುಗಲ್ಲು, ಇಲ್ಲಿ ಅದು ಮಣ್ಣಿನಷ್ಟೇ ಅಗ್ಗ. ನೀರಿನ ಹೌದಿಗೆ ಮುಚ್ಚಳ ಫರಸಿ, ಗಟಾರಕ್ಕೆ ಸೇತುವೆ ಫರಸಿ, ಬೀಗರು ಬಂದರೆ ಕೂರಿಸುವುದೂ ಫರಸಿಯ ಮೇಲೆ. ನಮ್ಮ ಮಾಳಿಗೆಗೂ ಪಕ್ಕದ ಜುಬೇದಾ ಖಾಲಾ ಅವರ ಮಾಳಿಗೆಗೂ ನಡುವೆ ಒಂದು ಸಂದಿ ಇದೆ. ಅಡುಗೆಮನೆಗೆ ಹಾಸಿ ಉಳಿದ ಫರಸಿಯೊಂದನ್ನು ಅದರ ಮೇಲೆ ಅಡ್ಡ ಮಲಗಿಸಿದ್ದೆವು. ಬೆಳಗಿನ ಬಿಸಿಲು ಮೊದಲು ಖಾಲಾ ಮಾಳಿಗೆಗೆ ಬೀಳುವುದರಿಂದ ನಮ್ಮ ಹಪ್ಪಳ ಅದರ ಮೇಲಿನಿಂದ ಆ ಕಡೆ ಹೋಗುತ್ತಿತ್ತು, ಖಾಲಾ ಮಾಡಿದ ಶೀರ್‌ಖುರ್ಮಾ ಈ ಕಡೆ ಬರುತ್ತಿತ್ತು.

ಅಂದು ಬೆಳಿಗ್ಗೆ ನಾನು ಮಾಳಿಗೆಯ ಮೇಲಿನ ಕೋಣೆಯಲ್ಲಿ, ಬಾಗಿಲು ತೆರೆದುಕೊಂಡು, ಅದೇ ಬಿರುಕಿನ ಕಲ್ಲಿನ ಹತ್ತಿರ ಬಂದಿದ್ದೆ. ಕಲಾವತಿ ಮೊರದ ತುಂಬ ಹಪ್ಪಳ ಹಿಡಿದು ಆ ಕಡೆ ಹೊರಟಳು. ಟಪ್ ಎಂದು ಸದ್ದಾಯಿತು. ಆಟದ್ದೇ ಇರಬೇಕು ಅಂದುಕೊಂಡೆ. ಆಮೇಲೆ ನೆನಪಾಯಿತು: ಆಟದ ಸದ್ದನ್ನು ಕಲಾವತಿಯೇ ಬಂದ್ ಮಾಡಿಸಿದ್ದಳು.

ತಲೆಯೆತ್ತಿದೆ. ಅವಳು ಫರಸಿಯ ನಟ್ಟನಡುವೆ ಇದ್ದಳು. ಅವಳ ಕಾಲಕೆಳಗೆ ಕಲ್ಲಿನಲ್ಲಿ ಕೂದಲೆಳೆಯಂಥ ಗೆರೆಯೊಂದು ಓಡುತ್ತಿತ್ತು. ಅದರ ಕೆಳಗೆ ಎರಡಂತಸ್ತಿನ ಗಾಳಿ, ಅದರ ಕೆಳಗೆ ಚೂರುಕಲ್ಲಿನ ರಾಶಿ. ಓಡಬೇಕು ಅಂದುಕೊಂಡೆ, ಕಾಲು ಕದಲಲಿಲ್ಲ. ಹೆಬ್ಬೆರಳು ಮಾತ್ರ ಇದ್ದ ಜಾಗದಲ್ಲೇ ಒತ್ತಿತು.

ಕಲಾವತಿ ಹಾರಿದಳು.

ಮೊರ ಒಂದು ಕಡೆ, ಹಪ್ಪಳ ಆಕಾಶದ ತುಂಬ. ಫರಸಿ ಎರಡು ಹೋಳಾಗಿ ಸಂದಿಯೊಳಗೆ ಬಿದ್ದ ಸದ್ದಿಗೆ ಓಣಿಯ ನಾಯಿಗಳೆಲ್ಲ ಬೊಗಳಿದವು. ಒಂದು ಕ್ಷಣ ಅವಳು ನನಗೆ ಕಾಣಲಿಲ್ಲ. ಆ ಕ್ಷಣ ನನ್ನೊಳಗೆ ಇನ್ನೂ ಮುಗಿದಿಲ್ಲ.

"ಯಾ ಅಲ್ಲಾ! ಕಲಾವತಿ, ಜೀವ ಅದ ಏನವ್ವಾ?" ಆ ಕಡೆಯ ಮಾಳಿಗೆಯಿಂದ ಖಾಲಾ ಚೀರಿದರು.

"ಅದ ಖಾಲಾ. ಹಪ್ಪಳ ಹೋದ್ವು ನೋಡ್ರಿ."

ಆಗ ನನ್ನ ಕಾಲು ಬಂದವು. ಅಂಚಿನವರೆಗೆ ಓಡಿದೆ. "ಕಲಾ, ತಡಿ, ನಾನೂ ಹಾರಿ ಬರ್ತೀನಿ!"

"ಅಲ್ಲೇ ನಿಂದರ್ರಿ!" ಖಾಲಾ ಮಾಳಿಗೆಯ ಮೇಲೆ ಕೂತಲ್ಲಿಂದಲೇ ಅವಳು ಗದರಿದಳು. "ನೀವು ನಡುವ ಗಾಳ್ಯಾಗ ಲೆಕ್ಕ ಹಾಕ್ಕೋತ ಕುಂದರ್ತೀರಿ. ಮೆಟ್ಟಲ ಇಳದು ಓಣಿಯಿಂದ ಬರ್ರಿ."

ಇಳಿದು ಹೋದೆ. ಖಾಲಾ ನೀರು ಕೊಟ್ಟರು. ನನಗೇ ಮೊದಲು ಕೊಟ್ಟರು, ನನ್ನ ಮುಖ ಹಾಗಿತ್ತಂತೆ. ಕಲಾವತಿಯ ಕೈ ಹಿಡಿದು ಎಬ್ಬಿಸಿ ಮೆಟ್ಟಿಲಿಳಿಸಿದೆ.

ಮನೆಗೆ ಬಂದು ನೋಡಿದರೆ, ಪರದೆಯ ಮೇಲೆ ಅಳಿಲು ಬಿರುಕಿನ ಕಲ್ಲು ದಾಟಿ ಆಚೆ ದಡದಲ್ಲಿ ನಿಂತಿತ್ತು, ನನ್ನ ಜನ್ಮದಲ್ಲಿ ಮೊದಲ ಸಲ. ಅದು ಹಾರಿದ್ದಕ್ಕೂ ಕಲಾವತಿ ಹಾರಿದ್ದಕ್ಕೂ ಯಾವ ಸಂಬಂಧವೂ ಇಲ್ಲ. ಭೌತಶಾಸ್ತ್ರ ಕಲಿಸುವವನಿಗೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ. ಆದರೂ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದಿಲ್ಲ, ಆ ಟ್ಯಾಬ್ ಮುಚ್ಚಿಲ್ಲ. ಅಳಿಲು ಅಲ್ಲೇ, ಕ್ಷೇಮವಾಗಿ ನಿಂತಿದೆ. ಅದನ್ನು ಒಂದು ಹೆಜ್ಜೆ ಮುಂದೆ ನಡೆಸುವ ಧೈರ್ಯ ನನಗಿಲ್ಲ.