ಬುಧವಾರದ ಟೀವಿ ಡಾಕ್ಟರು

ಬಸವರಾಜು ಅಂಗಿಯ ಗುಂಡಿ ಬಿಚ್ಚಿ ಎದೆ ತೋರಿಸುವುದಕ್ಕೂ, ಟೀವಿಯಲ್ಲಿದ್ದ ಡಾಕ್ಟರು ಬಾಯಿ ತೆರೆದವರು ಹಾಗೇ ಕಲ್ಲಾಗುವುದಕ್ಕೂ ಸರಿಹೋಯಿತು. ಲೈನು ಕಟ್.

ಅವನು ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಮೂಟೆ ಹೊರುವವನು. ಹದಿನೈದು ದಿನದಿಂದ ಎದೆ ಹಿಡಿಯುತ್ತಿತ್ತು. "ಹೃದಯದ ಡಾಕ್ಟರು ಹೂಂ ಅನ್ನೋವರೆಗೂ ಮೂಟೆ ಮುಟ್ಟಬೇಡ" ಎಂದಿದ್ದರು ಬೀದಿ ಕೊನೆಯ ಸಣ್ಣ ಆಸ್ಪತ್ರೆಯವರು. ಆ ದೊಡ್ಡ ಡಾಕ್ಟರು ಇರುವುದು ಬೆಂಗಳೂರಿನಲ್ಲಿ. ಬುಧವಾರ ಹನ್ನೊಂದಕ್ಕೆ ಈ ಸಣ್ಣ ಆಸ್ಪತ್ರೆಯ ಟೀವಿಯಲ್ಲಿ ಬಂದು, ಅಲ್ಲಿಂದಲೇ ರೋಗಿಗಳನ್ನು ನೋಡುತ್ತಿದ್ದರು.

ರೋಗಿಯನ್ನು ಒಂಟಿಯಾಗಿ ಕಳಿಸುವುದುಂಟೆ? ಅವತ್ತು ಬೀದಿಗೆ ಬೀದಿಯೇ ಬಂದಿತ್ತು. ಪಕ್ಕದ ಮನೆ ಕಮಲಾಕ್ಷಮ್ಮ ಟೀವಿಗೆ ಮೊಣಕಾಲು ತೋರಿಸಿದಳು. ಸಣ್ಣಯ್ಯ ನಾಲಿಗೆ ಚಾಚಿದ. ಬಸವರಾಜುವಿನ ಸರದಿ ಬರುವಷ್ಟರಲ್ಲಿ ಹೀಗಾಯಿತು.

ಮಂಡಿಗೆ ಹೊಸ ಆಲೂಗಡ್ಡೆ ಬರುವ ಕಾಲ. ಕೂತರೆ ಅವನ ಜಾಗಕ್ಕೆ ಬೇರೆಯವನು ಬರುತ್ತಾನೆ. ಮುಂದಿನ ಬುಧವಾರ ಅವನು ಹಟ ಹಿಡಿದ.

"ಟೀವಿ ಸಾವಾಸ ಸಾಕು. ಬೆಂಗ್ಳೂರ್ಗೇ ಓಯ್ತೀನಿ. ಡಾಕ್ಟ್ರ ಎದ್ರಿಗೆ ಕುಂತು ಹೂಂ ಅನ್ನಿಸ್ಕಂಡೇ ಬರೋದು" ಎಂದು ಹೆಂಡತಿಗೆ ಹೇಳಿ, ನಸುಕಿನಲ್ಲೇ ಕಳ್ಳಬೆಕ್ಕಿನಂತೆ ಹೊರಟ.

ನಲ್ಲಿಯ ಹತ್ತಿರ ಕಮಲಾಕ್ಷಮ್ಮ. "ಎಲ್ಲಿಗ್ಲಾ ಇಷ್ಟೊತ್ಗೆ?"

"ಇಲ್ಲೇ ಕಣಕ್ಕಾ." ನಿಜ ಹೇಳಿದರೆ ಬೀದಿಯೂ ಬಸ್ಸು ಹತ್ತುತ್ತದೆ!

ಚನ್ನರಾಯಪಟ್ಟಣ ದಾಟುತ್ತಲೇ ಬಸ್ಸು ಕೆಮ್ಮಿ ನಿಂತಿತು. "ಎಲ್ಲಾ ಇಳ್ದು ತಳ್ರಪ್ಪಾ" ಎಂದ ಕಂಡಕ್ಟರು.

"ನಾನು ಎದೆ ರೋಗಿ ಸಾ."

"ತೋಳು ನೋಡುದ್ರೆ ಪೈಲ್ವಾನ್ ಇದ್ದಂಗಿದ್ದೀಯ, ಸುಳ್ಳ!" ಬಸ್ಸೆಲ್ಲ ಗೊಳ್ಳೆಂದಿತು. ಬಸವರಾಜು ಹಲ್ಲು ಕಚ್ಚಿ ಕೂತೇ ಇದ್ದ.

ಬೆಂಗಳೂರಿನಲ್ಲಿ ದಾರಿ ತಪ್ಪಿದ. ಮೂವರು ಮೂರು ದಿಕ್ಕು ತೋರಿಸಿದರು. ಬಿಡಲಿಲ್ಲ. ಹನ್ನೊಂದಕ್ಕೆ ಸರಿಯಾಗಿ ಆಸ್ಪತ್ರೆಯಲ್ಲಿದ್ದ.

"ಹೃದಯದ ಡಾಕ್ಟ್ರನ್ನ ಕಣ್ಣಾರೆ ನೋಡ್ಬೇಕು ತಾಯಿ."

ನರ್ಸಮ್ಮ ಅವನನ್ನು ಒಂದು ಕೋಣೆಗೆ ಕರೆದೊಯ್ದು ಕುರ್ಚಿ ತೋರಿಸಿದಳು. ಎದುರಿಗೆ ಟೀವಿ!

"ಇಲ್ಲೂ ಇದೇನಾ? ಡಾಕ್ಟ್ರೆಲ್ಲಿ?"

"ಹೋದ ವಾರ ಲೈನ್ ಕಟ್ಟಾಗಿ ಯಾರೋ ಎದೆನೋವಿನೋರನ್ನ ನೋಡಕ್ಕಾಗ್ಲಿಲ್ವಂತೆ. ಮನಸ್ಸು ತಡೀದೆ ಬೆಳಿಗ್ಗೆ ತಾವೇ ಹಾಸನಕ್ಕೆ ಹೋಗ್ಬಿಟ್ರು. ಅಲ್ಲಿಂದಲೇ ನಿಮ್ಮನ್ನ ನೋಡ್ತಾರೆ, ಕೂತ್ಕೊಳ್ಳಿ."

ಟೀವಿ ಬೆಳಗಿತು. ಬೀದಿ ಕೊನೆಯ ಆಸ್ಪತ್ರೆ, ಬೀದಿಯ ಜನ, ನಡುವೆ ಡಾಕ್ಟರು. "ಎಲ್ರೀ ಆ ಬಸವರಾಜು? ಅವರಿಗೋಸ್ಕರಾನೇ ಬಂದೆ" ಎನ್ನುತ್ತಿದ್ದರು.

"ಸಾ, ಇಲ್ಲಿವ್ನಿ!" ಬಸವರಾಜು ಎದ್ದು ನಿಂತು ಎರಡೂ ಕೈ ಬೀಸಿದ.

ಡಾಕ್ಟರು ತಿರುಗುವ ಮೊದಲೇ ಕಮಲಾಕ್ಷಮ್ಮನ ಮುಖ ಪರದೆ ತುಂಬಿತು. "ಲೇ! ಟೀವಿಯೊಳ್ಗೆ ಏನ್ಲಾ ಮಾಡ್ತಿದ್ದೀಯಾ? ಡಾಕ್ಟ್ರು ಇಲ್ಲವ್ರೆ ಕಣ್ಲಾ! ಇನ್ನು ಹತ್ತೇ ನಿಮ್ಸ ಇರ್ತಾರಂತೆ, ಬಿರ್ರನೆ ಬಾ!"

ಅಷ್ಟರಲ್ಲಿ ಲೈನು ಹೋಯಿತು.